ಸಹಾಯ ಬೇಕು: ಎರಡನೇ ಕಟ್‌ನಲ್ಲಿ ಎಂಜಿನ್ ಉಸಿರು ಕಟ್ಟುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು, ಈಗ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದೇನೆ. ಇಲ್ಲಿನ ಹೇವರ್ಡ್ ಊರಲ್ಲಿ 1960ರಿಂದ ಮರ ಕೊಯ್ಯುವ ವಿಶ್ವ ಸ್ಪರ್ಧೆ ನಡೆಯುತ್ತಿದೆ. ಅದನ್ನು ನೋಡಿ ಹುಚ್ಚು ಹತ್ತಿದ ನಮ್ಮ ಪಕ್ಕದ ಮನೆಯವರು 'ಹಾಟ್ ಸಾ' (ಸ್ಪರ್ಧೆಗೆಂದೇ ಕಟ್ಟುವ ಭಾರಿ ಮೋಟಾರ್ ಗರಗಸ) ಕಟ್ಟುತ್ತಿದ್ದಾರೆ. ನಾನು ಸುಮ್ನೆ ಸ್ಪ್ಯಾನರ್ ಕೊಡಲು ಹೋದವನು, ಈಗ ಅರ್ಧ ಮೆಕ್ಯಾನಿಕ್ ಆಗಿದ್ದೇನೆ!

ಗೊತ್ತಿಲ್ಲದವರಿಗೆ ಹೇಳುತ್ತೇನೆ: ಇದು ತೋಟದ ಗರಗಸ ಅಲ್ಲ. ಸ್ನೋಮೊಬೈಲ್‌ನ (ಹಿಮದ ಮೇಲೆ ಓಡುವ ಗಾಡಿ) ಟೂ ಸ್ಟ್ರೋಕ್ ಎಂಜಿನ್‌ಗೆ ಚೈನ್ ಹಾಕಿರುತ್ತಾರೆ. ತೂಕ ಸುಮಾರು 27 ಕೆ.ಜಿ. ಟಿಂಬರ್‌ಸ್ಪೋರ್ಟ್ಸ್ ಅನ್ನುವ ಮರ ಕೊಯ್ಯುವ ಸ್ಪರ್ಧಾ ಸರಣಿಯ ನಿಯಮದಂತೆ 46 ಸೆಂ.ಮೀ. ದಪ್ಪದ ದಿಮ್ಮಿಯಿಂದ ಮೂರು ಬಿಲ್ಲೆ ಕೊಯ್ಯಬೇಕು. ಮೊದಲು ಮೇಲಿಂದ ಕೆಳಗೆ, ಆಮೇಲೆ ಕೆಳಗಿಂದ ಮೇಲೆ, ಮತ್ತೆ ಕೆಳಗೆ. ಮೂರೂ ಗುರುತು ಹಾಕಿದ 15 ಸೆಂ.ಮೀ. ಒಳಗೇ ಬರಬೇಕು. ಶುರುವಿನಲ್ಲಿ ಎಂಜಿನ್ ಆಫ್ ಇರಬೇಕು.

ನಮ್ಮ ತೊಂದರೆ ಇಷ್ಟು. ಮೊದಲ ಕಟ್ ಬೆಣ್ಣೆ ಕೊಯ್ದ ಹಾಗೆ ಆಗುತ್ತದೆ. ಎರಡನೇ ಕಟ್‌ಗೆ ಮೇಲಕ್ಕೆ ಎತ್ತಿದ ಕೂಡಲೇ ಎಂಜಿನ್ ಗಕ್ ಅಂತ ಕುಸಿಯುತ್ತದೆ. ಮಾಮೂಲಿ ಗರಗಸಕ್ಕೆ ಡಯಾಫ್ರಾಮ್ (ತೆಳು ಪೊರೆ) ಇರುವ ಕಾರ್ಬ್ಯುರೇಟರ್ ಇರುತ್ತದೆ, ಹೇಗೆ ತಿರುಗಿಸಿದರೂ ಪೆಟ್ರೋಲ್ ಬರುತ್ತದೆ. ನಮ್ಮದಕ್ಕೆ ಫ್ಲೋಟ್ (ಇಂಧನದ ಮಟ್ಟ ಕಾಯುವ ತೇಲುವ ಬುರುಡೆ) ಇರುವುದು. ಅದರಡಿ ಇಂಧನ ನಿಲ್ಲುವ ಬೌಲ್ ಕುಲುಕಿ ಇಂಧನ ಕಡಿಮೆಯಾಗುತ್ತಿದೆ ಅಂತ ನನ್ನ ಅನುಮಾನ. ಪೆಟ್ರೋಲ್ ಬದಲು ಮೆಥನಾಲ್ (ಒಂದು ಬಗೆಯ ಆಲ್ಕೋಹಾಲ್) ಹಾಕುತ್ತಿದ್ದೇವೆ. ಅದಕ್ಕೆ ಪೆಟ್ರೋಲ್‌ನ ಎರಡು ಪಟ್ಟಿಗಿಂತ ಜಾಸ್ತಿ ಬೇಕು ಅಲ್ವಾ, ಮೇನ್ ಜೆಟ್ (ಇಂಧನ ಹೋಗುವ ಸಣ್ಣ ತೂತು) ದೊಡ್ಡದು ಮಾಡಿದರೂ ಸರಿಹೋಗಿಲ್ಲ.

ಆರ್‌ಎಕ್ಸ್ 100 ಬೈಕ್ ಟ್ಯೂನ್ ಮಾಡಿ ಪಳಗಿದವರು ಇಲ್ಲಿ ತುಂಬಾ ಜನ ಇದ್ದೀರಿ. ಫ್ಲೋಟ್ ಎತ್ತರ ಬದಲಿಸಬೇಕಾ, ಇಂಧನದ ಪಂಪ್ ಹಾಕಬೇಕಾ? ಮೆಥನಾಲ್ ಜೊತೆ ಎಂಜಿನ್ ಆಯಿಲ್ ಆಗಿ ಹರಳೆಣ್ಣೆ ಬಳಸಿದವರಿದ್ದರೆ ಅಳತೆಯನ್ನೂ ಹೇಳಿ. ಫೋಟೋ ಕಾಮೆಂಟ್‌ನಲ್ಲಿ ಹಾಕುತ್ತೇನೆ.