ರಾತ್ರಿಯ ಕೊನೆ ಬಸ್ಸು ಬರುತ್ತಿಲ್ಲ, ಯಾರನ್ನು ಏನಂತ ಕೇಳಬೇಕು?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಊರಾಚೆಯ ಬಡಾವಣೆ. ಸಿಟಿ ಬಸ್ ಸ್ಟ್ಯಾಂಡಿನಿಂದ ರಾತ್ರಿ 8:40ಕ್ಕೆ ಹೊರಡಬೇಕಾದ ಕೊನೆ ಬಸ್ಸು ಎಷ್ಟೋ ದಿನ ಬರುವುದೇ ಇಲ್ಲ. ಬಟ್ಟೆ ಅಂಗಡಿ, ನರ್ಸಿಂಗ್ ಹೋಮುಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳೇ ಅದಕ್ಕೆ ಜಾಸ್ತಿ ಕಾಯುವವರು. ಬಸ್ಸಿಲ್ಲದ ದಿನ ಮೂರ್ನಾಲ್ಕು ಜನ ಸೇರಿ ಆಟೋ ಮಾಡಿಕೊಂಡು ಬರುತ್ತಾರೆ, ಅವತ್ತಿನ ಕೂಲಿಯಲ್ಲಿ ಒಂದು ಪಾಲು ಅದಕ್ಕೇ ಹೋಗುತ್ತದೆ. ‘ಹೆಚ್ಚು ಬಸ್ ಬಿಡಿ’ ಅಂತ ಸಹಿ ಹಾಕಿಸಿ ಮನವಿ ಕೊಟ್ಟೆವು, ಶಾಸಕರ ಹತ್ತಿರವೂ ಹೋದೆವು. ಡಿಪೋದಲ್ಲಿ ಕೇಳಿದರೆ ‘ಆ ರೂಟಲ್ಲಿ ಕಲೆಕ್ಷನ್ ಇಲ್ಲ’ ಅಂತಾರೆ. ಮುಂದೇನು ಮಾಡುವುದು?

ಉತ್ತರ (ನಗರ ಸಾರಿಗೆಯ ಸಂಚಾರ ವಿಭಾಗದಿಂದ ನಿವೃತ್ತರು): ನಮಸ್ಕಾರ. ‘ಹೆಚ್ಚು ಬಸ್ ಬಿಡಿ’ ಅನ್ನುವ ಮನವಿಗೆ ‘ಪರಿಶೀಲಿಸಲಾಗುವುದು’ ಅಂತ ಬರೆದು ಕಳಿಸುವುದು ಬಹಳ ಸುಲಭ. ನೀವು ಕೇಳಬೇಕಾದದ್ದು ಆ 8:40ರ ಟ್ರಿಪ್ಪನ್ನು.

ಪ್ರತಿ ಬಸ್ಸಿಗೂ ಒಂದು ಶೆಡ್ಯೂಲ್ ನಂಬರ್ ಇರುತ್ತದೆ. ಯಾವ ಟ್ರಿಪ್ ಎಷ್ಟು ಗಂಟೆಗೆ ಹೊರಡಬೇಕು, ಎಷ್ಟಕ್ಕೆ ಮುಟ್ಟಬೇಕು, ಒಟ್ಟು ಎಷ್ಟು ಕಿಲೋಮೀಟರ್, ಇದೆಲ್ಲ ಫಾರಂ-4ರಲ್ಲಿ ಬರೆದಿರುತ್ತದೆ. ರಸ್ತೆ ಖಾಲಿ ಇದ್ದ ಕಾಲದಲ್ಲಿ 40 ನಿಮಿಷ ಅಂತ ಬರೆದಿದ್ದರೆ ಈಗ ಸಂಜೆ ಹೊತ್ತು ಅದೇ ದಾರಿಗೆ ಒಂದು ಗಂಟೆ ಮೀರಬಹುದು. ಒಂದೊಂದು ಟ್ರಿಪ್ಪಿಗೂ ತಡ ಸೇರುತ್ತಾ ಹೋಗಿ ಡ್ರೈವರ್ ಕಂಡಕ್ಟರ್ ಡ್ಯೂಟಿ ಮುಗಿಯುವ ಹೊತ್ತಾಗುತ್ತದೆ, ಆಗ ಕಟ್ ಆಗುವುದು ಕೊನೆ ಟ್ರಿಪ್ಪೇ. ಜನ ಕಂಡಕ್ಟರನ್ನು ಬೈಯುತ್ತಾರೆ, ಆದರೆ ಅವರ ಕೈಯಲ್ಲಿ ಏನೂ ಇಲ್ಲ. ನಿಜ ಹೇಳಬೇಕೆಂದರೆ ಆ ರೂಟಿನ ಸಿಬ್ಬಂದಿಗೂ ಈ ಸಮಯ ಬದಲಾಗಬೇಕು. ಅವರನ್ನು ಜೊತೆಗೆ ಸೇರಿಸಿಕೊಳ್ಳಿ.

ಮೊದಲು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಆ ಶೆಡ್ಯೂಲಿನ ಫಾರಂ-4ರ ಪ್ರತಿ ಕೊಡಿ, ಕಳೆದ ಮೂರು ತಿಂಗಳಲ್ಲಿ ಯಾವ ಯಾವ ತಾರೀಖು 8:40ರ ಟ್ರಿಪ್ ರದ್ದಾಯಿತು, ಕಾರಣ ಏನು, ಇಷ್ಟೇ ಕೇಳಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, 10 ರೂಪಾಯಿ ಶುಲ್ಕ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಬಹುದು. ಆ ಕಾಗದ ಕೈಗೆ ಬಂದ ಮೇಲೆ ಡಿಪೋಗೆ ಸುಮ್ನೆ ಅಲೆಯಬೇಡಿ, ವಿಭಾಗದ ಸಂಚಾರ ಅಧಿಕಾರಿಯ ಹತ್ತಿರ ಹೋಗಿ ‘ಸಂಜೆಯ ಓಟದ ಸಮಯ ಪರಿಷ್ಕರಿಸಿ, ಕೊನೆ ಟ್ರಿಪ್ ಉಳಿಸಿ’ ಅಂತ ಬರೆದು ಕೊಡಿ.

ಇನ್ನು ಕಲೆಕ್ಷನ್ ಮಾತು. ಪಾಸ್ ಇರುವವರಿಗೆ ಪ್ರತಿ ಸಲ ಟಿಕೆಟ್ ಹರಿಯುವುದಿಲ್ಲ ಅಲ್ವಾ? ಹಾಗಾಗಿ ಪಾಸಿನವರೇ ತುಂಬಿಕೊಂಡ ಬಸ್ಸು ಮೆಷಿನ್ ಲೆಕ್ಕದಲ್ಲಿ ಖಾಲಿ ಬಸ್ಸಿನ ಹಾಗೆ ಕಾಣಬಹುದು. ನೀವೇ ಎರಡು ವಾರ ತಲೆ ಎಣಿಸಿ. ತಾರೀಖು, ಬಸ್ ನಂಬರ್, ಬಂದ ಸಮಯ, ಹತ್ತಿದವರು, ಪಾಸಿನವರು ಎಷ್ಟು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಮನವಿಗೆ ಲಗತ್ತಿಸಿ. ಶೆಲ್ಟರ್, ಬೀದಿದೀಪದ ವಿಷಯ ಇದರಲ್ಲಿ ಸೇರಿಸಬೇಡಿ. ಅದಕ್ಕೆ ಪಾಲಿಕೆಗೆ ಬೇರೆ ಅರ್ಜಿ ಕೊಡಿ.

ಇನ್ನೊಬ್ಬರು: ಸರ್, ನಾನೂ ಅದೇ ಬಸ್ಸಿಗೆ ಕಾಯುವವಳು. ಹೆಂಗಸರಿಗೆ ಫ್ರೀ ಮಾಡಿದ್ದಕ್ಕೇ ಟ್ರಿಪ್ ಕಡಿಮೆ ಆಯ್ತು ಅಂತ ಬಸ್ಸಲ್ಲೇ ಮುಖಕ್ಕೆ ಹೇಳುತ್ತಾರೆ. ರಶ್ ಇದ್ದಾಗ ಕಂಡಕ್ಟರ್ ನಮಗೆ ಟಿಕೆಟ್ಟೂ ಕೊಡುವುದಿಲ್ಲ, ನಾವೂ ಕೇಳಲು ಹೋಗುವುದಿಲ್ಲ.

ಉತ್ತರ: ಮೇಡಂ, ದಯವಿಟ್ಟು ಕೇಳಿ ತೆಗೆದುಕೊಳ್ಳಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ಆ ಶೂನ್ಯ ಟಿಕೆಟ್ಟುಗಳ ಲೆಕ್ಕದ ಮೇಲೆಯೇ ನಿಗಮ ಸರ್ಕಾರದಿಂದ ಹಣ ಕೇಳುವುದು. ನೀವು ಎಲ್ಲಿ ಹತ್ತಿದಿರಿ, ಎಲ್ಲಿಗೆ ಹೋದಿರಿ ಅನ್ನುವುದೂ ಅದರಲ್ಲೇ ದಾಖಲಾಗುತ್ತದೆ. ಟಿಕೆಟ್ ಇಲ್ಲ ಅಂದರೆ ಲೆಕ್ಕದಲ್ಲಿ ನೀವು ಬಸ್ಸೇ ಹತ್ತಿಲ್ಲ. ನಾಳೆ ‘ಈ ಟ್ರಿಪ್ಪಿಗೆ ಜನ ಇಲ್ಲ’ ಅನ್ನಲು ಅದೇ ಕಾರಣ ಆಗುತ್ತದೆ. ನಿಮ್ಮನ್ನು ದೂರುವವರ ಮಾತಿಗೆ ಕುಗ್ಗಬೇಡಿ. ಜನ ಜಾಸ್ತಿ ಆದರೆ ಟ್ರಿಪ್ಪೂ ಜಾಸ್ತಿ ಆಗಬೇಕು, ಅದನ್ನೇ ಎಲ್ಲರೂ ಸೇರಿ ಕೇಳಬೇಕು.

ಮತ್ತೊಬ್ಬರು: ಮಂಗಳೂರಿನಿಂದ ಕೇಳುತ್ತಿದ್ದೇನೆ. ನಾವು ಹತ್ತುವುದು ಖಾಸಗಿ ಸಿಟಿ ಬಸ್ಸು. ಭಾನುವಾರ ಬಂದರೆ ನಮ್ಮ ರೂಟಿನ ಅರ್ಧ ಟ್ರಿಪ್ ಇರುವುದಿಲ್ಲ. ನಮಗೆ ಡಿಪೋನೂ ಇಲ್ಲ, ಫಾರಂ-4ಊ ಇಲ್ಲ!

ಉತ್ತರ: ನಿಮಗೆ ಪರ್ಮಿಟ್ ಇದೆ. ಖಾಸಗಿ ಬಸ್ಸಿಗೆ ಪರ್ಮಿಟ್ ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಅದಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಆರ್‌ಟಿಒ ಕಾರ್ಯದರ್ಶಿ. ಪರ್ಮಿಟ್ ಜೊತೆಗೆ ಟೈಮಿಂಗೂ ಇರುತ್ತದೆ, ಅದರ ಪ್ರತಿಯನ್ನೂ ಮಾಹಿತಿ ಹಕ್ಕಿನಲ್ಲಿ ಪಡೆಯಬಹುದು. ಭಾನುವಾರಕ್ಕೆ ವಿನಾಯಿತಿ ಬರೆದಿಲ್ಲ ಅಂದರೆ ಅವತ್ತೂ ಓಡಿಸಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 86ನೇ ಸೆಕ್ಷನ್ ಪ್ರಕಾರ ಷರತ್ತು ಮುರಿದ ಪರ್ಮಿಟ್ಟನ್ನು ಅಮಾನತು ಮಾಡಬಹುದು, ರದ್ದೂ ಮಾಡಬಹುದು. ಬಾರದ ಟ್ರಿಪ್ಪುಗಳನ್ನು ತಾರೀಖು, ಸಮಯದ ಸಮೇತ ಬರೆದು ಆರ್‌ಟಿಒಗೆ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಪ್ರಾಧಿಕಾರದ ಸಭೆ ಯಾವತ್ತು ಅಂತ ವಿಚಾರಿಸಿಕೊಂಡು ಹತ್ತು ಜನ ಒಟ್ಟಿಗೆ ಹೋಗಿ. ಬಸ್ ಮಾಲೀಕರು ಆ ಸಭೆಗೆ ತಪ್ಪದೆ ಬರುತ್ತಾರೆ, ಪ್ರಯಾಣಿಕರೂ ಅಲ್ಲಿ ಇರಬೇಕು.