ಕಣ್ಣು ಮುಚ್ಚು ಅಂತ ಬಲವಂತ ಮಾಡಬೇಡ ಪುಟ್ಟಿ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಕನ್ನಡಕ ಎಲ್ಲಿಟ್ಟೆನೋ ಸಿಗುತ್ತಿಲ್ಲ, ಅದಕ್ಕೆ ಮಾತಲ್ಲೇ ಹೇಳುತ್ತೇನೆ. ಸ್ಕೂಲಲ್ಲಿ ದಿನಾ ಬೆಳಿಗ್ಗೆ 20 ನಿಮಿಷ ಧ್ಯಾನ ಶುರು ಮಾಡಿದ್ದಾರೆ, ನಿನ್ನ ಮಗ ಕೂರುವುದಿಲ್ಲ, ಕಿರುಚುತ್ತಾನೆ. ಮನೇಲೂ ಅಭ್ಯಾಸ ಮಾಡಿಸಿ ಅಂತ ಮಿಸ್ ಹೇಳಿದ್ದಾರೆ. ಮಾಡಿಸಲಾ ಬೇಡವಾ ಅಂತ ತಾನೇ ಕೇಳಿದ್ದು? ಅವನಿಗೆ ಆಟಿಸಂ ಜೊತೆ ಎಡಿಎಚ್‌ಡಿನೂ, ಅಂದರೆ ಗಮನ ನಿಲ್ಲದೆ ಕೂತಲ್ಲಿ ಕೂರಲಾಗದ ತೊಂದರೆನೂ, ಇರುವುದು ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಎಲ್ಲರಿಗೂ ಗೊತ್ತು, ಅದನ್ನು ಮತ್ತೆ ಹೇಳುವುದಿಲ್ಲ.

ಬಲವಂತವಾಗಿ ಕಣ್ಣು ಮುಚ್ಚಿಸಿ ಕೂರಿಸಬೇಡ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಚಿಕ್ಕ ಮಗನ ಧ್ಯಾನ ಶಿಬಿರದ ಕಥೆ ನಿನಗೆ ಅರ್ಧಂಬರ್ಧ ಗೊತ್ತಿರಬೇಕು. ನೀನಾಗ ಪಿಯುಸಿ ಓದುತ್ತಿದ್ದೆ. ದೊಡ್ಡ ಹಾಲ್. ಟ್ಯೂಬ್‌ಲೈಟ್ ಗುಂಯ್ ಅನ್ನುತ್ತಿತ್ತು, ಊದುಬತ್ತಿ ಹೊಗೆ ಬೇರೆ, ಮೇಲೆ ಆ ಚುಚ್ಚುವ ಪ್ಲಾಸ್ಟಿಕ್ ಚಾಪೆ. ಮುಂದೆ ಕೂತವರು ಮೈಕಲ್ಲಿ, 'ಉಸಿರನ್ನು ಗಮನಿಸಿ, ಮನಸ್ಸು ಖಾಲಿ ಮಾಡಿ' ಅಂದರು. ಇವನು ಜೋರಾಗಿ, 'ಖಾಲಿ ಮಾಡಿ ಎಲ್ಲಿಗೆ ಸುರೀಬೇಕು?' ಅಂತ ಕೇಳಿದ. ಹಾಲ್ ಪೂರ್ತಿ ನಕ್ಕಿತು. ಅವನು ತಮಾಷೆಗೆ ಕೇಳಿರಲಿಲ್ಲ, ಪಾಪ. ಗಾಬರಿಯಾಗಿ ಕೈ ಆಡಿಸತೊಡಗಿದ. ಆಗ ಒಬ್ಬ ಸ್ವಯಂಸೇವಕ ಹಿಂದಿನಿಂದ ಬಂದು ಎರಡೂ ಕೈ ಹಿಡಿದು ತೊಡೆಗೆ ಒತ್ತಿದ. ಇನ್ನೊಬ್ಬ ಕಣ್ಣ ಮೇಲೆ ಅಂಗೈ ಇಟ್ಟ. ನಾನು ಹೆಂಗಸರ ಸಾಲಿನಿಂದ ಎದ್ದು ಓಡುವಷ್ಟರಲ್ಲಿ ಮಗು ತನ್ನ ಕೈ ತಾನೇ ಕಚ್ಚಿಕೊಂಡಿತ್ತು, ರಕ್ತ ಬರುವ ಹಾಗೆ. ಆಮೇಲೆ ಎಷ್ಟೋ ದಿನ ಯಾರಾದರೂ ಚಾಪೆ ಬಿಚ್ಚಿದರೆ ಸಾಕು, ಬೀದಿಗೆ ಓಡುತ್ತಿದ್ದ.

ಅವನಿಗೆ ಥೆರಪಿ ಮಾಡುತ್ತಿದ್ದ ಮೇಡಂ ಬಿಡಿಸಿ ಹೇಳಿದರು. ಆಟಿಸಂ ಇರುವ ಇಂಥ ಮಕ್ಕಳಲ್ಲಿ ಕೆಲವರಿಗೆ ಮೈಯೊಳಗಿನದು ಸರಿಯಾಗಿ ತಿಳಿಯುವುದೇ ಇಲ್ಲವಂತೆ. ಹಸಿವಾಗಿದೆಯಾ, ಬಾತ್‌ರೂಮಿಗೆ ಹೋಗಬೇಕಾ ಅಂತಾನೂ ಗೊತ್ತಾಗುವುದಿಲ್ಲ. ಇನ್ನು ಕೆಲವರಿಗೆ ಎದೆ ಬಡಿತ, ಉಸಿರು ಎಲ್ಲಾ ಜಾಸ್ತಿ ತಿಳಿದು ಭಯವೇ ಆಗುತ್ತದೆ. ಕಣ್ಣು ಮುಚ್ಚಿ ಉಸಿರು ನೋಡು ಅಂದರೆ ಇಬ್ಬರಿಗೂ ಕಷ್ಟ. ಕೈ ಆಡಿಸುವುದು ಅವರು ಸಮಾಧಾನ ಮಾಡಿಕೊಳ್ಳುವ ದಾರಿ, ಅದನ್ನೇ ಹಿಡಿದು ನಿಲ್ಲಿಸಿದರೆ ಏನು ಉಳಿಯಿತು? ಅದಕ್ಕೇ ಮತ್ತೆ ಹೇಳುತ್ತಿದ್ದೇನೆ ಪುಟ್ಟಿ, ಬಲವಂತವಾಗಿ ಕಣ್ಣು ಮುಚ್ಚಿಸಿ ಕೂರಿಸಬೇಡ. ಮಿಸ್ ಹೇಳಲಿ, ನಿಮ್ಮತ್ತೆ ಹೇಳಲಿ.

ಆ ಶಿಬಿರಕ್ಕೆ ಸೇರಿಸಿ ಅಂತ ದುಂಬಾಲು ಬಿದ್ದವರೇ ಆಮೇಲೆ 'ಬೆಳೆಸಿದ್ದು ಸರಿಯಿಲ್ಲ' ಅಂದರು. ಅವರ ಮೊಮ್ಮಗಳ ನಾಮಕರಣಕ್ಕೆ ನಮ್ಮಿಬ್ಬರನ್ನೂ ಮಹಡಿ ರೂಮಲ್ಲಿ ಕೂರಿಸಿ ಎಲೆ ಮೇಲಕ್ಕೆ ಕಳಿಸಿದರು. ಒಬ್ಬಟ್ಟು ಬಂತು, ತುಪ್ಪ ಬರಲಿಲ್ಲ. ಈಗ ಬೆಳಗಿನ ಐದಕ್ಕೆ ಗುಡ್ ಮಾರ್ನಿಂಗ್ ಜೊತೆ ಧ್ಯಾನದ ವಿಡಿಯೋ ಹಾಕುವವರೂ ಅವರೇ. ಹೆಸರು ಹೇಳುವುದಿಲ್ಲ. ಗ್ರೂಪಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ.

ಅಯ್ಯೋ, ನೀನು ಕೇಳಿದ್ದು ಹಾಗೇ ಉಳಿಯಿತು ನೋಡು.

ಧ್ಯಾನವೇ ಬೇಡ ಅಂತ ನಾನು ಹೇಳುತ್ತಿಲ್ಲ. ರೀತಿ ಬದಲಾಯಿಸಬೇಕು ಅಷ್ಟೇ. ನಮ್ಮ ದೊಡ್ಡವಳು ಓದಿ ಹೇಳಿದ್ದು: ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಎಡಿಎಚ್‌ಡಿ ಇರುವ ದೊಡ್ಡವರಿಗೂ ಹದಿಹರೆಯದವರಿಗೂ ಧ್ಯಾನ ಕಲಿಸಿ 2008ರಲ್ಲಿ ಬರೆದಿದ್ದಾರೆ. ಅಲ್ಲಿ ಶುರು ಮಾಡಿದ್ದೇ 5 ನಿಮಿಷದಿಂದ. ನಿನ್ನ ಮಗನಿಗೆ ಮೊದಲ ದಿನವೇ 20 ಅಂದರೆ ಹೇಗೆ? ನೆದರ್‌ಲ್ಯಾಂಡ್ಸ್‌ನಲ್ಲಿ ಆಟಿಸಂ ಇರುವ ದೊಡ್ಡವರಿಗೆ ಕಲಿಸುವಾಗ ಉಪಮೆ, ಕಲ್ಪನೆ ಎಲ್ಲಾ ತೆಗೆದು ನೇರವಾಗಿ ಹೇಳಿಕೊಟ್ಟರಂತೆ. ಎಲ್ಲಿಗೆ ಸುರೀಬೇಕು ಅನ್ನುವ ಪ್ರಶ್ನೆಯೇ ಬರದ ಹಾಗೆ. ನಿರ್ಭಯ್ ಸಿಂಗ್ ಅನ್ನುವ ಸಂಶೋಧಕರದ್ದು ಇನ್ನೊಂದು ರೀತಿ ಇದೆ, ಸಿಟ್ಟು ಬಂದಾಗ ಗಮನವನ್ನು ಅಂಗಾಲಿಗೆ ತರುವುದು. ಆಟಿಸಂ ಇರುವ ಹುಡುಗರಿಗೂ ಅದನ್ನು ಕಲಿಸಿದ್ದಾರೆ. ನೀನು ಅದನ್ನೇ ಹಿಡಿ. ಅವನು ಸಮಾಧಾನವಾಗಿರುವಾಗಲೇ ಕಲಿಸು. ಬರಿಗಾಲಲ್ಲಿ ನಿಲ್ಲಿಸಿ ಬೆರಳು ಆಡಿಸು, ಹಿಮ್ಮಡಿ ನೆಲಕ್ಕೆ ತಾಗಿಸು ಅನ್ನು. ಕಣ್ಣು ಬಿಟ್ಟೇ ಇರಲಿ. ಒಂದು ನಿಮಿಷ ಸಾಕು, ಅವನೇ ಸಾಕು ಅಂದರೆ ಅಲ್ಲಿಗೇ ಬಿಡು.

ನಮ್ಮವನಿಗೆ ಕೊನೆಗೆ ಒಗ್ಗಿದ್ದು ಅವರೆಕಾಳು. ಸೀಸನ್‌ನಲ್ಲಿ ನೆನೆಸಿಟ್ಟ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿತುಕುತ್ತಾನೆ. ಸಿಪ್ಪೆ ಕೈಯಲ್ಲಿ ಉಳಿಯುತ್ತದೆ, ಬೇಳೆ ಪುಳಕ್ಕನೆ ಬಟ್ಟಲಿಗೆ ಹಾರುತ್ತದೆ. ಅರ್ಧ ಗಂಟೆ ಅಲ್ಲಾಡುವುದಿಲ್ಲ, ಮೈಯೆಲ್ಲಾ ಸಡಿಲ. ನಿನ್ನ ಮಗನಿಗೆ ಒದ್ದೆ ಲೋಳೆ ಆಗಲ್ಲ ಅಂದರೆ ಅದು ಬೇಡ. ಉಯ್ಯಾಲೆ ಇರಲಿ, ಮೆಟ್ಟಿಲು ಎಣಿಸಿಕೊಂಡು ಹತ್ತುವುದಿರಲಿ, ಯಾವುದು ಒಗ್ಗುತ್ತದೋ ಅದು. ಮಾತ್ರೆ ಮಾತ್ರ ಇದರ ನೆಪದಲ್ಲಿ ನಿಲ್ಲಿಸಬೇಡ, ಡಾಕ್ಟರ್ ಹೇಳದೆ.

ಸ್ಕೂಲಿಗೆ ಬಾಯಲ್ಲಿ ಹೇಳಿದರೆ ಮರೆಯುತ್ತಾರೆ. ಒಂದು ಹಾಳೆ ಬರೆದು ಕೊಡು. ಬಾಗಿಲ ಹತ್ತಿರ ಕೂರಲಿ, ಕಣ್ಣು ಮುಚ್ಚಬೇಕಿಲ್ಲ, ಕೈ ಆಡಿಸಿದರೆ ಹಿಡಿಯಬೇಡಿ, ಎದ್ದು ಹೊರಗೆ ನಡೆದಾಡಲು ಬಿಡಿ ಅಂತ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಆಟಿಸಂ ಸೇರಿದೆ. ಮಗುವಿಗೆ ತಕ್ಕಂತೆ ಅನುಕೂಲ ಮಾಡಿಕೊಡಿ ಅಂತ ಕೇಳುವುದು ನಿನ್ನ ಹಕ್ಕು, ಬೇಡಿಕೊಳ್ಳಬೇಕಿಲ್ಲ. ಬರೆದದ್ದನ್ನು ಮೊದಲು ಇಲ್ಲಿ ಹಾಕು, ನಿಮ್ಮ ದೊಡ್ಡಪ್ಪ ತಿದ್ದಿ ಕೊಡುತ್ತಾರೆ. ಕುಕ್ಕರ್ ಕೂಗುತ್ತಿದೆ, ಇಡುತ್ತೇನೆ.