ಬೌಲ್ಡರ್ ಡ್ಯಾಶ್ ತಲೆಯ ಆಟವೋ, ಬೆರಳಿನ ಆಟವೋ?

ಮಣ್ಣುಗುದ್ದಲಿ: ಮಣ್ಣು ಅಗೆಯುತ್ತ, ಬೀಳುವ ಬಂಡೆಗಳಿಂದ ತಪ್ಪಿಸಿಕೊಂಡು ವಜ್ರ ಆಯುವ ಬೌಲ್ಡರ್ ಡ್ಯಾಶ್ 1984ರಲ್ಲಿ ಅಟಾರಿಯ ಮನೆ ಕಂಪ್ಯೂಟರುಗಳಿಗೆ ಬಂತು. ಅದನ್ನು ಎಲ್ಲರೂ ಒಗಟಿನ ಆಟ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಒಗಟೆಂದರೆ ಕುಳಿತು ಯೋಚಿಸಲು ಬಿಡಬೇಕು. ಇಲ್ಲಿ ಮೊದಲ ಗುಹೆಯಲ್ಲಿ 12 ವಜ್ರ ಆಯಲು 150 ಸೆಕೆಂಡು. ಅದೇ ಗುಹೆಯ ಐದನೇ ಕಠಿಣತೆಯ ಹಂತದಲ್ಲಿ ಅದೇ 12ಕ್ಕೆ ಬರೀ 30! ಯೋಚಿಸಲು ನಿಂತರೆ ನಾವು ಆಡಿಸುವ ನಾಯಕ ರಾಕ್‌ಫರ್ಡನೇ ಬೇಸರದಿಂದ ಕಾಲು ತಟ್ಟುತ್ತಾನೆ.

ಹಳೆಯ ಕೀಲಿಮಣೆ: ಆ 30 ಸೆಕೆಂಡಿನಲ್ಲೇ ಯೋಚಿಸಿ ಎಂದವರು ಯಾರು? ಯೋಚಿಸುವುದು ಸತ್ತ ಮೇಲೆ. ಬಂಡೆಗಳು ಚೆಲ್ಲಾಪಿಲ್ಲಿಯಾಗಿ ಕಂಡರೂ ಮರುಸಲ ಬಂದಾಗ ಅದೇ ಜಾಗದಲ್ಲಿರುತ್ತವೆ. ಪೀಟರ್ ಲೀಪಾ ಮತ್ತು ಕ್ರಿಸ್ ಗ್ರೇ ಅವರ ಈ ಆಟದಲ್ಲಿ ಗುಹೆಯ ಒಂದೊಂದು ಹಂತಕ್ಕೂ ಒಂದು ಬೀಜಸಂಖ್ಯೆ ಇದೆ. ಅದರಿಂದ ಲೆಕ್ಕ ಹಾಕಿಯೇ ಕಲ್ಲು, ಮಣ್ಣು ಹರಡುತ್ತದೆ. ಗುಹೆಯ ಪೂರ್ತಿ ನಕ್ಷೆಯನ್ನು ಮೆಮೊರಿಯಲ್ಲಿ ಇಡಬೇಕಾಗಿಯೇ ಇಲ್ಲ.

ನಾಲ್ಕನೇ ಜೀವ: ನಿಯಮಗಳನ್ನು ನೋಡಿ. ತಲೆಯ ಮೇಲೆ ಸುಮ್ಮನೆ ಕೂತ ಬಂಡೆ ಕೊಲ್ಲುವುದಿಲ್ಲ, ಬೀಳುತ್ತಿರುವ ಬಂಡೆ ಮಾತ್ರ ಕೊಲ್ಲುತ್ತದೆ. ನೇರ ಕೆಳಕ್ಕೆ ಅಗೆಯುತ್ತ ಹೋದರೆ ಅದು ಹಿಂದೆಯೇ ಇಳಿಯುತ್ತದೆ, ನಿಂತಿರೋ, ಮುಗಿಯಿತು. ಪಕ್ಕಕ್ಕೆ ಸರಿದರೆ ಬದುಕಿದಿರಿ. ಇದೇ ಉಪಾಯದಿಂದ ಬಂಡೆಯನ್ನು ಗುಹೆಯಲ್ಲಿ ಸುತ್ತುವ ಶತ್ರು ಚಿಟ್ಟೆಯ ಮೇಲೆ ಕೆಡವಿದರೆ ಒಂಬತ್ತು ವಜ್ರ. ನಾನು ಇದಕ್ಕಾಗಿ ಮಣ್ಣಿನಲ್ಲಿ ಕಾಲುವೆ ತೋಡಿ, ಚಿಟ್ಟೆ ಸುತ್ತುವ ದಾರಿಯನ್ನೇ ಬದಲಿಸಿದ್ದೇನೆ. ಬೆರಳಿಗೆ ಇಷ್ಟು ಕುತಂತ್ರ ಎಲ್ಲಿಂದ ಬರಬೇಕು?

ಮಣ್ಣುಗುದ್ದಲಿ: ಹಾಗಾದರೆ ಗುಹೆಯಲ್ಲಿ ತಾನೇ ಹರಡುತ್ತ ಬೆಳೆಯುವ ಅಮೀಬಾ? ಅದು ಎತ್ತ ಹರಡುತ್ತದೆಂದು ಬ್ರಹ್ಮನಿಗೂ ತಿಳಿಯದು. ಅದೃಷ್ಟವನ್ನು ಒಗಟು ಎನ್ನಬೇಡಿ.

ಹಳೆಯ ಕೀಲಿಮಣೆ: ಹರಡುವ ದಿಕ್ಕು ತಿಳಿಯದು, ಫಲ ತಿಳಿದಿದೆ. ಬೆಳೆಯಲು ಜಾಗವಿಲ್ಲದಂತೆ ಬಂಡೆಗಳಿಂದ ಕಟ್ಟಿಹಾಕಿದರೆ ಇಡೀ ಅಮೀಬಾ ವಜ್ರವಾಗುತ್ತದೆ. ತಡಮಾಡಿ 200 ಚೌಕಗಳಷ್ಟು ಬೆಳೆಯಲು ಬಿಟ್ಟರೆ ಎಲ್ಲವೂ ಕಲ್ಲು. ಬೆಂಕಿ ಹತ್ತಿದ ಗದ್ದೆಗೆ ಯಾವ ಕಡೆಯಿಂದ ಅಡ್ಡ ಹಾಕಬೇಕೆಂದು ಲೆಕ್ಕ ಹಾಕುವುದು ತಲೆಯ ಕೆಲಸವಲ್ಲವೇ?

ಸುಮ್ಮನೆ ಓದುವವಳು: ನೀವಿಬ್ಬರೂ ಜಾಯ್‌ಸ್ಟಿಕ್ಕಿನ ಫೈರ್ ಬಟನ್ ಮರೆತಿರಿ. ಅದನ್ನು ಒತ್ತಿ ಹಿಡಿದರೆ ನಿಂತಲ್ಲಿಂದಲೇ ಪಕ್ಕದ ಮಣ್ಣು ತೆಗೆಯಬಹುದು, ವಜ್ರವನ್ನೂ ಎತ್ತಬಹುದು. ನಾನು ವರ್ಷಗಟ್ಟಲೆ ಇದನ್ನು ತಿಳಿಯದೆ ಸತ್ತಿದ್ದೇನೆ.

ಮಣ್ಣುಗುದ್ದಲಿ: ಅಮೀಬಾದ ಮಟ್ಟಿಗೆ ಒಪ್ಪಿದೆ. ಆದರೆ ಕೀಲಿಮಣೆಯವರೇ, ಐದನೇ ಹಂತದ ಮೊದಲ ಗುಹೆಯನ್ನು ನೀವು ಮುಗಿಸಿದ್ದೀರಾ?

ಹಳೆಯ ಕೀಲಿಮಣೆ: ಇಲ್ಲ. ದಾರಿ ಬಾಯಿಪಾಠ ಇದೆ. ಪ್ರತಿ ಸಲವೂ ಎರಡು ವಜ್ರ ಕಡಿಮೆ ಬೀಳುತ್ತವೆ.